ಸೊಸೆಯ ಪಾದದಲ್ಲಿ ಸಿಗದ ನಾಡಿ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ಕನಕಗಿರಿ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರಾದ ಮಕ್ಬುಲಸಾಬ ಅವರೇ, ಕೊಪ್ಪಳದಿಂದ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳು, ಹೃದ್ರೋಗ ತಜ್ಞರಾದ ಡಾಕ್ಟರ್ ಪ್ರವೀಣಕುಮಾರ ಅವರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ನಮ್ಮೆಲ್ಲರಿಂದ ಸನ್ಮಾನ ಸ್ವೀಕರಿಸಲಿರುವ ಡಾಕ್ಟರ್ ಜಾಸ್ಮೀನ ಅವರೇ, ಮಗಳಿಗಿಂತ ಹೆಚ್ಚು ಗಾಬರಿಯಾಗಿ ಕುಳಿತಿರುವ ಅವರ ತಂದೆ ರಾಜಾಸಾಬ ಅವರೇ, ಮತ್ತು ಇಷ್ಟು ಬಿಸಿಲಿನಲ್ಲೂ ಬಂದು ಸಭಾಂಗಣ ತುಂಬಿಸಿರುವ ಸಭಿಕರೇ,

ನಾನು 'ಅವರೇ' ಎಂದ ಕೂಡಲೇ ಅಧ್ಯಕ್ಷರು ಕುರ್ಚಿಯಲ್ಲಿ ನೆಟ್ಟಗಾದರು. ಇದೇ ಮಕ್ಬುಲಸಾಬರನ್ನು ಎಂಟನೆಯ ತರಗತಿಯಲ್ಲಿ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಯಾಕೆ ನಿಲ್ಲಿಸಿದ್ದೆ ಎಂಬುದನ್ನು ಅವರ ಮಕ್ಕಳ ಎದುರು ಹೇಳುವುದಿಲ್ಲ. ಅಷ್ಟು ಮರ್ಯಾದೆ ಅಧ್ಯಕ್ಷ ಸ್ಥಾನಕ್ಕೆ ಕೊಡಲೇಬೇಕು.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ಅಧಿಕ ರಕ್ತದೊತ್ತಡಕ್ಕೆ ಚೀನಾ ದೇಶದ ಪಾರಂಪರಿಕ ವೈದ್ಯ: ಒಬ್ಬ ರೋಗಿಯ ಅನುಭವ' ಎಂದು ಅಚ್ಚು ಹಾಕಿಸಿದ್ದಾರೆ. ಶಿವಲಿಂಗಮ್ಮ ಎಂಬ ಈ ನಿವೃತ್ತ ಕನ್ನಡ ಶಿಕ್ಷಕಿ ಹತ್ತು ನಿಮಿಷದಲ್ಲಿ ಮಾತು ಮುಗಿಸಬೇಕಂತೆ. ಗಂಟೆ ಬಾರಿಸಿದ ಮೇಲೂ ಪಾಠ ನಿಲ್ಲಿಸದವಳು ನಾನು; ಅದು ನಿಮಗೂ ಗೊತ್ತು. ಆದರೆ ಆ ಶೀರ್ಷಿಕೆಯಲ್ಲಿ ಒಂದು ತಪ್ಪಿದೆ. ರೋಗಿ ನಾನು ಎಂದು ಸಂಘದವರು ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ನಮ್ಮ ಮನೆಯವರೆಲ್ಲರೂ ಹಾಗೇ ತಿಳಿದಿದ್ದರು. ಅದು ಹಾಗಲ್ಲ ಎಂದು ಗೊತ್ತಾದ ಸಂಜೆ ನನಗೆ ಬಡಿದ ಆಘಾತ ಇವತ್ತಿಗೂ ಪೂರ್ತಿ ಇಳಿದಿಲ್ಲ.

ನನ್ನ ಬಿ.ಪಿ. ಕುಷ್ಟಗಿಯಲ್ಲಿ ಬಹಳ ಪ್ರಸಿದ್ಧವಾದದ್ದು. ನಮ್ಮ ಯಜಮಾನರು ತೀರಿಕೊಂಡ ವರ್ಷ ಅದು ನನಗೆ ಬಂತು. ಅವರು ಹೋದರು, ಇದು ಬಂತು. ಒಂದು ರೀತಿಯಲ್ಲಿ ಜೊತೆಯಾಯಿತು. ನಿವೃತ್ತಳಾಗಿ ಕುಷ್ಟಗಿಗೆ ಹೋಗಿ ಮಗ ವಿರುಪಾಕ್ಷಿಯ ಜೊತೆ ಇರತೊಡಗಿದ ಮೇಲೆ ಅದು ಮನೆಯ ಸದಸ್ಯನೇ ಆಗಿಬಿಟ್ಟಿತು. ನನ್ನ ಸಾರು ಬೇರೆ, ಉಪ್ಪಿಲ್ಲದ್ದು. ನನ್ನ ಪಲ್ಯ ಬೇರೆ. ನನ್ನ ನಿದ್ದೆಯ ಹೊತ್ತಿಗೆ ಟೀವಿ ಬಂದ್. ಯಾರಾದರೂ ಜೋರಾಗಿ ಮಾತಾಡಿದರೆ ವಿರುಪಾಕ್ಷಿ ಬೆರಳು ಬಾಯಿಗಿಟ್ಟು, "ಅವ್ವಗ ಬಿ.ಪಿ. ಐತಿ, ಸಾವಕಾಶ ಮಾತಾಡ್ರಿ" ಎನ್ನುತ್ತಿದ್ದ. ದಾಳಿಂಬೆ ತೋಟದ ಬೋರು ಬತ್ತಿದ್ದು ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಯಲಬುರ್ಗಾದಲ್ಲಿ ನನ್ನ ಚಿಕ್ಕಮ್ಮ ತೀರಿಕೊಂಡಾಗ, "ಸ್ವಲ್ಪ ಆರಾಮಿಲ್ಲಂತ" ಎಂದು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಊರು ಮುಟ್ಟುವ ಹೊತ್ತಿಗೆ "ಭಾಳ ಆರಾಮಿಲ್ಲಂತ" ಎಂದರು. ಮನೆಯ ಮುಂದೆ ಜನ ನೋಡಿ ನಾನೇ ಅರ್ಥ ಮಾಡಿಕೊಂಡೆ. ಅವ್ವನಿಗೆ ಶಾಕ್ ಕೊಡಬಾರದು. ಇದು ನಮ್ಮ ಮನೆಯ ಕಾನೂನು. ನಾನು ಮಾಡಿದ ಕಾನೂನಲ್ಲ. ಆದರೆ ನನಗೇನೂ ಬೇಸರವಿರಲಿಲ್ಲ.

ಇಂಥ ನಾನು ಜಾಸ್ಮೀನಳ ಕ್ಲಿನಿಕ್ಕಿಗೆ ಹೋದದ್ದು ಒಂದೇ ಆಸೆಯಿಂದ. ಗುಳಿಗೆ ಬಿಡಬೇಕು. ಎರಡು ತರದ ಗುಳಿಗೆ ನುಂಗಿದರೂ ನನ್ನ ಬಿ.ಪಿ. ಇಳಿಯುತ್ತಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿ ಪ್ರಕೃತಿ ಚಿಕಿತ್ಸೆಯಲ್ಲಿ ಪದವಿ ಪಡೆದು, ಆಮೇಲೆ ಚೀನಾದಲ್ಲೇ ಓದಿ ಬಂದ ಗುರುಗಳೊಬ್ಬರ ಹತ್ತಿರ ಸೂಜಿ ಚಿಕಿತ್ಸೆ ಕಲಿತು, ಗಂಗಾವತಿಯಲ್ಲಿ ಕ್ಲಿನಿಕ್ ಇಟ್ಟಿದ್ದಾಳೆಂದು ಕೇಳಿದ್ದೆ. ಕೆಳಗೆ ರಾಜಾಸಾಬರ ಹೊಲಿಗೆ ಅಂಗಡಿ, ಮೇಲೆ ಮಗಳ ಕ್ಲಿನಿಕ್ಕು. ಮೊದಲ ದಿನ ಮೆಟ್ಟಿಲ ಬಳಿ ರಾಜಾಸಾಬರು ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ನನಗೆ ಸಲಾಮು ಮಾಡಿ ಹೇಳಿದರು: "ಬರ್ರಿ ಅಕ್ಕೋರ. ನಾನೂ ಸೂಜಿ, ನನ್ನ ಮಗಳೂ ಸೂಜಿ. ನಾ ಹರಿದದ್ದಕ್ಕ ಹಾಕ್ತೀನಿ, ಆಕಿ ಹರೀಲಾರದ್ದಕ್ಕ ಹಾಕ್ತಾಳ."

ಮೂವತ್ತು ವರ್ಷ ಕನ್ನಡ ಕಲಿಸಿದ ನಾನು ಇಷ್ಟು ಚೆಂದದ ಶ್ಲೇಷೆಯನ್ನು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಮೇಲೆ ಹೋದಾಗ ನಿಜಕ್ಕೂ ಅವಳು ಅದನ್ನೇ ವಿವರಿಸಿದಳು. ಚೀನಾದವರ ಲೆಕ್ಕದಲ್ಲಿ ಮೈಯೊಳಗೆ ಒಂದು ಪ್ರಾಣಶಕ್ತಿ ಹರಿಯುತ್ತದಂತೆ. ನಮ್ಮಂಥವರಲ್ಲಿ ಅದು ಯಕೃತ್ತಿನ ಬಿಸಿಯಾಗಿ ಮೇಲಕ್ಕೆ ನುಗ್ಗಿ ತಲೆಯಲ್ಲಿ ನಿಲ್ಲುತ್ತದಂತೆ. ಮುಖ ಕೆಂಪು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಸಿಟ್ಟು. ಆ ಬಿಸಿಯನ್ನು ಕೆಳಕ್ಕೆ ಇಳಿಸಲು ಪಾದಕ್ಕೆ ಸೂಜಿ. "ಇದು ಅವರ ಭಾಷಾರಿ ಅಕ್ಕೋರ. ನಿಮ್ಮ ಡಾಕ್ಟರ್ ಭಾಷಾದಾಗ ಬ್ಯಾರೆ ಐತಿ. ಎರಡನ್ನೂ ಕಲಸಬ್ಯಾಡ್ರಿ" ಎಂದಳು. ಆಮೇಲೆ ನನ್ನ ಎರಡೂ ಮಣಿಕಟ್ಟು ಹಿಡಿದು, ಒಂದೊಂದರ ಮೇಲೂ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಳು. ಕೊನೆಗೆ ಕಣ್ಣು ತೆರೆದು ಏನು ಕೇಳಿದಳು ಗೊತ್ತೇ?

"ಅಕ್ಕೋರ, ನಾಲಿಗಿ ಹೊರಗ ಹಾಕ್ರಿ."

ಸಭಿಕರೇ, ನನ್ನ ವೃತ್ತಿಯುದ್ದಕ್ಕೂ ನಾಲಿಗೆ ಹೊರಗೆ ಹಾಕಿದ ಮಕ್ಕಳಿಗೆಲ್ಲ ಶಿಕ್ಷೆ ಕೊಟ್ಟವಳು ನಾನು. ಈ ಜಾಸ್ಮೀನಳಿಗೂ ಒಮ್ಮೆ ಕೊಟ್ಟ ನೆನಪಿದೆ. ಅದೇ ಹುಡುಗಿಯ ಮುಂದೆ ನಾಲಿಗೆ ಚಾಚಿ ಕುಳಿತೆ. ನಾಲಿಗೆಯ ಬಣ್ಣ, ಅಂಚು, ಮೇಲಿನ ಪದರ, ಎಲ್ಲ ನೋಡುತ್ತಾರೆ ಅವರು. ನೋಡಿದವಳೇ, "ಬಾಯಾಗ ಏನರೆ ಇಟ್ಕೊಂತೀರೇನ್ರಿ?" ಎಂದು ಕೇಳಿದಳು.

"ಜೇಷ್ಠಮಧು" ಎಂದೆ. ಪಾಠ ಮಾಡುವವರಿಗೆ, ಭಾಷಣ ಮಾಡುವವರಿಗೆ ಗಂಟಲಿಗೆ ಅದಕ್ಕಿಂತ ಒಳ್ಳೆಯದೇನಿದೆ? ಬೆಳಗಿನಿಂದ ಸಂಜೆಯವರೆಗೆ ನನ್ನ ದವಡೆಯಲ್ಲಿ ಒಂದು ತುಂಡು ಇದ್ದೇ ಇರುತ್ತಿತ್ತು.

ಜಾಸ್ಮೀನ ಹಣೆ ಹಣೆ ಬಡಿದುಕೊಂಡಳು. "ಅಯ್ಯ ಅಕ್ಕೋರ! ಚೀನಾದ ಕಷಾಯದಾಗೂ ಇದನ್ನ ಭಾಳ ಹಾಕ್ತಾರ್ರಿ. ಆದ್ರ ಬಿ.ಪಿ. ಇದ್ದವರಿಗೆ ಮೊದಲ ಇದನ್ನ ಬಿಡಸ್ರಿ ಅಂತ ನಮ್ಮ ಗುರುಗಳು ಹೇಳಿಕೊಟ್ಟಾರ. ದಿನಾ ತಿಂದ್ರ ಇದು ಬಿ.ಪಿ. ಏರಸ್ತೈತಿ."

ಒಂದು ಕೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ಜೇಷ್ಠಮಧು. ಒಂದು ಇಳಿಸುತ್ತಿತ್ತು, ಇನ್ನೊಂದು ಏರಿಸುತ್ತಿತ್ತು. ನಡುವೆ ನಾನು ವರ್ಷಗಟ್ಟಲೆ ಇಂಗ್ಲಿಷ್ ವೈದ್ಯರನ್ನು ಬೈದುಕೊಂಡು ಓಡಾಡಿದ್ದೆ. ಅವತ್ತೇ ಜೇಷ್ಠಮಧು ಬಿಟ್ಟೆ; ಇವತ್ತು ನನ್ನ ದನಿ ಒಡೆದಂತೆ ಕೇಳುತ್ತಿದ್ದರೆ ಕಾರಣ ಅದೇ, ದಯವಿಟ್ಟು ಸಹಿಸಿಕೊಳ್ಳಿ.

ಗುಳಿಗೆಯ ಮಾತೆತ್ತಿದಾಗ ಅವಳು ಸೂಜಿಯ ಡಬ್ಬಿಯನ್ನೇ ಮುಚ್ಚಿಬಿಟ್ಟಳು. "ಗುಳಿಗಿ ಬಿಡ್ತೀನಿ ಅಂದ್ರ ನಾ ಸೂಜಿ ಮುಟ್ಟಂಗಿಲ್ರಿ. ಕಡಿಮಿ ಮಾಡೋದು, ಬಿಡಿಸೋದು ನಿಮ್ಮ ಡಾಕ್ಟರ್ ಕೆಲಸ. ನಂದು ಅದರ ಜೋಡಿ ನಡಿಯೋದು ಅಷ್ಟ." ನಾನು ಒಪ್ಪಿದೆ. ವಾರಕ್ಕೊಮ್ಮೆ ಹೋಗತೊಡಗಿದೆ. ಸೂಜಿ ಹಾಕಿ ಅರ್ಧ ಗಂಟೆ ಕತ್ತಲು ಕೋಣೆಯಲ್ಲಿ ಮಲಗಿಸುತ್ತಾಳೆ, ಆಮೇಲೆ ಸೇವಂತಿಗೆ ಹೂವಿನ ಚಹಾ ಕೊಡುತ್ತಾಳೆ. ಅದೂ ಚೀನಾದ್ದೇ. ನಾವು ದೇವರಿಗೆ ಏರಿಸುವ ಹೂವನ್ನು ಅವರು ಕುದಿಸಿ ಕುಡಿಯುತ್ತಾರಲ್ಲ ಎಂದು ನಾನು ಮೂಗು ಮುರಿದೆ. ಸಂತೆಯ ಸೇವಂತಿಗೆ ತಂದು ಕುದಿಸಬೇಡಿ ಎಂದು ಅವಳು ಎಲ್ಲರಿಗೂ ಎಚ್ಚರಿಸುತ್ತಾಳೆ. ಅದಕ್ಕೆ ಹುಳ ಸಾಯಿಸುವ ಎಣ್ಣೆ ಹೊಡೆದಿರುತ್ತಾರೆ. ನನ್ನ ಬಿ.ಪಿ. ಇಳಿಯಿತು. ಸೂಜಿಯಿಂದ ಎಷ್ಟು, ಜೇಷ್ಠಮಧು ಬಿಟ್ಟದ್ದರಿಂದ ಎಷ್ಟು, ಯಾರೂ ಕರೆಯದೆ ಅರ್ಧ ಗಂಟೆ ಸುಮ್ಮನೆ ಮಲಗಿದ್ದರಿಂದ ಎಷ್ಟು? ನನಗೆ ಗೊತ್ತಿಲ್ಲ. ಜಾಸ್ಮೀನಳನ್ನು ಕೇಳಿದರೆ ಅವಳೂ "ನನಗೂ ಖರೇನ ಗೊತ್ತಿಲ್ರಿ" ಎನ್ನುತ್ತಾಳೆ. ಗೊತ್ತಿಲ್ಲ ಎನ್ನುವ ವೈದ್ಯರನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ. ಪ್ರವೀಣಕುಮಾರ ಅವರು ನಗುತ್ತಿದ್ದಾರೆ.

ಈಗ ಆ ಶನಿವಾರದ ಮಾತಿಗೆ ಬರುತ್ತೇನೆ. ಅದಕ್ಕೂ ಮೊದಲು ಮುಂದಿನ ಸಾಲಿನಲ್ಲಿ ಹಸಿರು ಸೀರೆ ಉಟ್ಟು, ತಲೆ ತಗ್ಗಿಸಿ ಕುಳಿತಿರುವ ನನ್ನ ಸೊಸೆಯನ್ನು ಪರಿಚಯಿಸಬೇಕು. ಹುಲಿಗವ್ವ. ಯಲಬುರ್ಗಾ ಕಡೆಯ ಹಳ್ಳಿಯವಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಇವಳ ವಿಷಯ ನಾನು ಹೇಳಬಹುದೇ ಎಂದು ನಿನ್ನೆ ಕೇಳಿದೆ. "ಹೇಳ್ರಿ ಅತ್ತಿ. ನನ್ನಂಗ ಮುಚ್ಚಿಟ್ಕೊಂಡು ಕುಂತಾಕಿ ಯಾರರೆ ಬಂದಿದ್ರ ಕೇಳ್ಲಿ" ಎಂದಳು. ಅವಳ ಅಪ್ಪಣೆ ಪಡೆದೇ ಮಾತಾಡುತ್ತಿದ್ದೇನೆ.

ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ನಡಿಗೆಯಲ್ಲಿ ಯಾವಾಗಲೂ ಹಿಂದೆ. ಬಸ್ ನಿಲ್ದಾಣದಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದಳು. ಚಳಿಗಾಲದಲ್ಲಿ ಪಾದ ತಣ್ಣಗಾಗುತ್ತವೆಂದು ಗಂಡನ ಕಾಲುಚೀಲ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ನಾವೆಲ್ಲ ನಗುತ್ತಿದ್ದೆವು. ಆಗಾಗ ಮೂಗಿನಿಂದ ರಕ್ತ ಬರುತ್ತಿತ್ತು. ಉಷ್ಣವೆಂದು ನಾನು ಮಜ್ಜಿಗೆ ಕುಡಿಸುತ್ತಿದ್ದೆ. ತಲೆನೋವು ಎನ್ನುತ್ತಿದ್ದಳು. ಬಿಸಿಲೆಂದು ನಾನು ಹೇಳುತ್ತಿದ್ದೆ. ಕುಷ್ಟಗಿಯ ಬಿಸಿಲಿನ ಮೇಲೆ ಏನನ್ನಾದರೂ ಹಾಕಿಬಿಡಬಹುದು, ಅದು ಪ್ರತಿ ಮಾತಾಡುವುದಿಲ್ಲ.

ಆ ಶನಿವಾರ ವಿರುಪಾಕ್ಷಿ ನಮ್ಮಿಬ್ಬರನ್ನೂ ಆನೆಗೊಂದಿ ಕಡೆಗೆ ಕರೆದುಕೊಂಡು ಹೋದ. ಬೆಳಗ್ಗೆ ಅಂಜನಾದ್ರಿಗೆ ಹತ್ತುವುದು, ಮಧ್ಯಾಹ್ನ ಸಾಣಾಪುರದ ಕೆರೆಯ ಹತ್ತಿರ ಬುತ್ತಿ, ಸಂಜೆ ಗಂಗಾವತಿಯಲ್ಲಿ ನನ್ನ ಸೂಜಿ. ಬೆಟ್ಟದ ಮೆಟ್ಟಿಲುಗಳನ್ನು ನಾನು ಕೂತು ಎದ್ದು ಹತ್ತಿಯೇ ಹತ್ತಿದೆ. ಹುಲಿಗವ್ವ ಅರ್ಧದಲ್ಲೇ ಬಂಡೆಗೆ ಒರಗಿ ಕುಳಿತಳು. "ಕಾಲು ಬರವಲ್ಲವ್ರಿ ಅತ್ತಿ. ನೀವು ಹೋಗಿ ಬರ್ರಿ" ಎಂದಳು. ಮೇಲೆ ಹೋಗಿ ನಾನು ಹತ್ತು ಜನರ ಎದುರು ಹೇಳಿದೆ: ಬಿ.ಪಿ. ಇದ್ದ ಮುದುಕಿ ಹತ್ತಿದಳು, ಇಪ್ಪತ್ತನಾಲ್ಕರ ಸೊಸೆ ಕೆಳಗೆ ಕುಳಿತಳು. ಎಲ್ಲರೂ ನಕ್ಕರು. ನನಗೂ ಹೆಮ್ಮೆ.

ಸಂಜೆ ಕ್ಲಿನಿಕ್ಕಿನಲ್ಲಿ ನನ್ನ ಸೂಜಿ ಮುಗಿಯಿತು. ಹುಲಿಗವ್ವ ಮೂಲೆಯ ಕುರ್ಚಿಯಲ್ಲಿ ಹಣೆ ಹಿಡಿದುಕೊಂಡು ಕುಳಿತಿದ್ದಳು. "ಜಾಸ್ಮೀನ, ಆಕಿಗೂ ಒಂದು ಚುಚ್ಚವಾ. ಯಾವಾಗ ನೋಡಿದ್ರೂ ತಲಿನೋವು ಅಂತಾಳ" ಎಂದೆ. ತಮಾಷೆಗೆಂದೇ ಹೇಳಿದೆ.

ಜಾಸ್ಮೀನ ಅವಳನ್ನು ಮಲಗಿಸಿ ಮಣಿಕಟ್ಟು ಹಿಡಿದಳು. ಹುಬ್ಬು ಗಂಟಾಯಿತು. "ಏಕತಾರಿ ತಂತಿ ಹಿಡಿದಂಗ ಆಗಾಕತ್ತೈತಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಕಾಲಿನ ಕಡೆಗೆ ಬಂದಳು. ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ, ಸ್ವಲ್ಪ ಮೇಲೆ, ಒಂದು ಬಿಂದು ಇದೆ. ತಲೆನೋವಿಗೂ ಬಿ.ಪಿ.ಗೂ ಅವರು ಮೊದಲು ಹುಡುಕುವ ಬಿಂದು ಅದು. ಅದರ ಚೀನೀ ಹೆಸರಿಗೆ 'ಮಹಾಪ್ರವಾಹ' ಎಂಬಂಥ ಅರ್ಥವಂತೆ. ಅದರ ಹತ್ತಿರವೇ ಒಂದು ರಕ್ತನಾಳ ಮಿಡಿಯುತ್ತದೆ. ಅದಕ್ಕೆ ಸೂಜಿ ತಾಗಬಾರದೆಂದು ಮೊದಲು ಬೆರಳಿಟ್ಟು ಮಿಡಿತ ಎಲ್ಲಿದೆ ಎಂದು ನೋಡಿಕೊಳ್ಳುತ್ತಾರೆ.

ಜಾಸ್ಮೀನ ಬೆರಳಿಟ್ಟಳು. ಸರಿಸಿದಳು. ಮತ್ತೆ ಇಟ್ಟಳು. ಇನ್ನೊಂದು ಪಾದ ಹಿಡಿದಳು. ಹಿಮ್ಮಡಿಯ ಗಂಟಿನ ಹಿಂದೆ ಹುಡುಕಿದಳು. ನನ್ನನ್ನು ಆಚೆ ತಿರುಗಲು ಹೇಳಿ, ತೊಡೆಯ ಸಂದಿನಲ್ಲಿ ನೋಡಿದಳು. ಕೋಣೆಯಲ್ಲಿ ಕೆಳಗಿನ ಹೊಲಿಗೆ ಯಂತ್ರದ ಸದ್ದೊಂದೇ.

"ಏನಾತು?" ಎಂದೆ.

"ಕಾಲಾಗ ನಾಡಿ ಸಿಗವಲ್ದು ಅಕ್ಕೋರ."

"ಸರಿಯಾಗಿ ನೋಡವಾ."

"ಕೆಲವರಿಗೆ ಪಾದದಾಗ ಹುಟ್ಟಾ ಸಿಗಂಗಿಲ್ರಿ. ಆದ್ರ ಇಕಿಗೆ ಎಲ್ಲೂ ಸಿಗವಲ್ದು. ಕೈಯಾಗ ನೋಡಿದ್ರ ಹೊಡದು ಒಗದಂಗ ಐತಿ."

ಬಿ.ಪಿ. ಯಂತ್ರ ತಂದು ತೋಳಿಗೆ ಸುತ್ತಿದಳು. ಇನ್ನೂರು ದಾಟಿತು. ಯಂತ್ರ ಕೆಟ್ಟಿದೆ ಎಂದು ನಾನು ಕೂಗಿದೆ. ಅವಳು ಮಾತಾಡದೆ ಅದನ್ನೇ ನನ್ನ ತೋಳಿಗೆ ಸುತ್ತಿದಳು. ನನಗೆ ನೂರ ನಲವತ್ತು ಬಂತು. ಯಂತ್ರ ಸರಿಯಾಗಿತ್ತು. ಮತ್ತೆ ಅವಳಿಗೆ ಸುತ್ತಿದಳು. ಮತ್ತೆ ಇನ್ನೂರರ ಮೇಲೆ. ಕಾಲಿಗೆ ಸುತ್ತಿದಳು, ನೂರಕ್ಕೂ ಕಡಿಮೆ.

ಸಭಿಕರೇ, ಒಂದೇ ಮೈಯಲ್ಲಿ ಎರಡು ಬಿ.ಪಿ. ಇರುತ್ತದೆ ಎಂದು ನೀವು ಕೇಳಿದ್ದೀರಾ? ನಾನು ಕೇಳಿರಲಿಲ್ಲ. ಇಡೀ ಮನೆಗೆ ನಾನೇ ಬಿ.ಪಿ. ಎಂದು ಮೆರೆದ ನಾನು, ನನಗಾಗಿ ಬೇರೆ ಸಾರು ಮಾಡುತ್ತಿದ್ದ ಕೈಯ ಬಿ.ಪಿ. ಎಷ್ಟಿದೆ ಎಂದು ಒಂದು ದಿನವಾದರೂ ಕೇಳಿದ್ದೆನೆ?

ಜಾಸ್ಮೀನ ಸೂಜಿಗಳನ್ನು ಎತ್ತಿಟ್ಟಳು. "ಇಕಿಗೆ ನಾ ಸೂಜಿ ಹಾಕಂಗಿಲ್ಲ. ಹೂವಿನ ಚಹಾನೂ ಇಲ್ಲ" ಎಂದಳು. ನಮಗೆ ಅರ್ಥವಾಗುವ ಹಾಗೆ ಒಂದು ಮಾತು ಹೇಳಿದಳು. ಇಲ್ಲಿ ಕಾಲುವೆ ಸೀಮೆಯವರು ಬಹಳ ಜನ ಇದ್ದೀರಿ, ನಿಮಗೆ ನನಗಿಂತ ಬೇಗ ತಿಳಿಯುತ್ತದೆ. "ಮ್ಯಾಲಿನ ಕಾಲುವಿ ತುಂಬಿ ಒಡ್ಡು ಒಡಿಯೂವಂಗ ಐತಿ. ಕೆಳಗ ಕಾಲುವಿ ತುದಿಗಿರೋ ಟೇಲೆಂಡಿನ ಹೊಲಕ್ಕ ನೀರಿಲ್ಲ. ಅಂದ್ರ ನಡುವ ಎಲ್ಲೋ ಕಾಲುವಿ ಇರುಕಾಗೈತ್ರಿ. ನಾಳಿ ಮುಂಜಾನೆ ತಡ ಮಾಡದ ಕೊಪ್ಪಳಕ್ಕ ಹೋಗ್ರಿ. ನಾ ಈಗ ಫೋನ್ ಮಾಡ್ತೀನಿ." ಅವಳು ಫೋನ್ ಮಾಡಿದ್ದು ಈ ಪ್ರವೀಣಕುಮಾರ ಅವರಿಗೆ. ಭಾನುವಾರ ರಜೆಯೆಂದು ಇವರು ಅನ್ನಲಿಲ್ಲ.

ಕೊಪ್ಪಳದಲ್ಲಿ ಡಾಕ್ಟರರು ಎದೆಯ ಮೇಲೂ ಬೆನ್ನಿನ ಮೇಲೂ ಕೊಳವೆ ಇಟ್ಟು ಕೇಳಿದರು, ಸ್ಕ್ಯಾನ್ ಮಾಡಿದರು. ಹೃದಯದಿಂದ ಕೆಳಕ್ಕೆ ಇಳಿಯುವ ದೊಡ್ಡ ರಕ್ತನಾಳ ಒಂದು ಕಡೆ ಹುಟ್ಟಿನಿಂದಲೇ ಕಿರಿದಾಗಿತ್ತು. ಪೆನ್ಸಿಲ್ ಹೋಗುವ ಜಾಗದಲ್ಲಿ ಕಡ್ಡಿಯೂ ಕಷ್ಟದಿಂದ ಹೋಗುವಷ್ಟು. "ಬಸುರಾಗೋಕ್ಕಿಂತ ಮೊದಲ ಗೊತ್ತಾದದ್ದು ಪುಣ್ಯರಿ ಅಮ್ಮಾರ" ಎಂದರು. ಮೊಮ್ಮಗು ಬೇಕೆಂದು ನಾನು ಆ ಎರಡು ವರ್ಷ ಯಾವ ದೇವರಿಗೆ ಯಾವ ಹರಕೆ ಹೊತ್ತಿದ್ದೆ ಎಂಬುದು ನೆನಪಾಯಿತು. ದೇವರು ನನ್ನ ಮಾತು ಕೇಳಿದ್ದರೆ ಏನಾಗುತ್ತಿತ್ತು?

ಆಮೇಲೆ ಡಾಕ್ಟರರು ಸಹಜವಾಗಿ ಒಂದು ಪ್ರಶ್ನೆ ಕೇಳಿದರು. "ಸಣ್ಣಾಕಿ ಇದ್ದಾಗ ಯಾರರೆ ಏನರೆ ಹೇಳಿದ್ರೇನವ್ವಾ?"

ಹುಲಿಗವ್ವ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಹೇಳಿದ್ರು" ಎಂದಳು.

ಯಾರು? ಸಾಲಿಗೆ ಬಂದ ಡಾಕ್ಟರು. ಯಾವಾಗ? ಏಳನೇ ಕ್ಲಾಸಿನ್ಯಾಗ ಇದ್ದಾಗ. ಏನಂದರು? ಎದೆಯಲ್ಲಿ ಸಪ್ಪಳ ಇದೆ, ಹುಬ್ಬಳ್ಳಿಗೆ ತೋರಿಸಿ ಎಂದರು. ತೋರಿಸಿದಿರಾ? ಇಲ್ಲ.

ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಅದು ಚೀನಾದ ಯಕೃತ್ತೋ, ಕುಷ್ಟಗಿಯ ಸಿಟ್ಟೋ ತಿಳಿಯದು. ಎದ್ದು ಹೊರಗೆ ಬಂದು ಅವಳ ತಾಯಿ ಅಮರಮ್ಮನಿಗೆ ಫೋನ್ ಹಚ್ಚಿದೆ. ನಮಸ್ಕಾರವನ್ನೂ ಹೇಳಲಿಲ್ಲ. "ಮಗಳ ಎದ್ಯಾಗ ಸಪ್ಪಳ ಐತಿ ಅಂತ ಗೊತ್ತಿದ್ದೂ ನನಗ ಮೋಸ ಮಾಡಿದ್ರಿ" ಎಂದೆ.

ಅಮರಮ್ಮ ಹೇಳಿದರು: "ಹೌದ್ರಿ, ಬೀಗತಿ. ಮಾಡೀನಿ. ಸಪ್ಪಳ ಐತಿ ಅಂತ ಹೇಳಿದ್ರ ನೀವು ನನ್ನ ಮಗಳ್ನ ತಗೊಂತಿದ್ರೇನ್ರಿ?"

ನಾನು ಫೋನ್ ಇಟ್ಟೆ. ಸಭಿಕರೇ, ನಿಮ್ಮಲ್ಲಿ ಗಂಡು ಮಕ್ಕಳನ್ನು ಹೆತ್ತವರು ಎಷ್ಟು ಜನ ಇದ್ದೀರಿ? ನೀವು ಏನೆಂದು ಉತ್ತರಿಸುತ್ತಿದ್ದಿರಿ? ಕೈ ಎತ್ತಬೇಡಿ. ಮನೆಗೆ ಹೋಗಿ ಯೋಚಿಸಿ.

ಒಳಗೆ ಬಂದೆ. ವಿರುಪಾಕ್ಷಿ ಕಿಟಕಿಯ ಕಡೆಗೆ ಮುಖ ಮಾಡಿ ನಿಂತಿದ್ದ. ನಾನು ಸೊಸೆಯ ಎದುರು ಕುರ್ಚಿ ಎಳೆದುಕೊಂಡು ಕುಳಿತೆ. "ನಿಮ್ಮ ಅವ್ವ ಹೇಳಲಿಲ್ಲ, ಹೋಗಲಿ. ಮದಿವ್ಯಾದ ಮ್ಯಾಲೆ ನೀ ಯಾಕ ಹೇಳಲಿಲ್ಲ? ಕಾಲು ಸೋಲ್ತಾವು, ಮೂಗಿನಾಗ ರಕ್ತ ಬರ್ತೈತಿ, ಎದ್ಯಾಗ ಸಪ್ಪಳ ಐತಿ. ಒಮ್ಮೆರೆ ಬಾಯಿ ಬಿಡಬೇಕಿತ್ತಲ್ಲ?"

ಅವಳು ನನ್ನ ಮುಖ ನೋಡಿದಳು. ಅಂಜಿಕೆಯಿಂದಲ್ಲ, ಆಶ್ಚರ್ಯದಿಂದ. ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

"ನಿಮಗ ಬಿ.ಪಿ. ಐತೆಲ್ರಿ ಅತ್ತಿ" ಎಂದಳು. "ನಿಮಗ ಶಾಕ್ ಕೊಡೂವಂಥಾ ಮಾತು ಹೇಳಬಾರದು ಅಂತ ನಾ ಬಂದ ದಿನಾನ ಎಲ್ಲಾರೂ ಹೇಳಿದ್ರು."

ಇದನ್ನು ನಾನು ಹೇಗೆ ಹೇಳಲಿ? ಆ ಹುಡುಗಿ ಎರಡು ವರ್ಷ ಇನ್ನೂರರ ಬಿ.ಪಿ. ಹೊತ್ತುಕೊಂಡು, ನನ್ನ ಆಗಿನ ನೂರ ಅರವತ್ತನ್ನು ಕಾಯುತ್ತಿದ್ದಳು. ನನಗೆ ಏನೂ ಆಗಬಾರದೆಂದು. ನಮ್ಮ ಮನೆಯ ಕಾನೂನನ್ನು ನಿಯತ್ತಿನಿಂದ ಪಾಲಿಸಿದವಳು ಅವಳೊಬ್ಬಳೇ. ಆ ದಿನ ಬೆಟ್ಟದ ಮೇಲೆ ನಕ್ಕವರಲ್ಲಿ ಒಬ್ಬರಾದರೂ ಕೆಳಗೆ ಬಂಡೆಗೆ ಒರಗಿದ್ದವಳ ಪಾದ ಮುಟ್ಟಿ ನೋಡಿದ್ದರೆ ಅದು ಕಲ್ಲಿನಷ್ಟೇ ತಣ್ಣಗಿರುವುದು ತಿಳಿಯುತ್ತಿತ್ತು.

ಅವಳು ಸಣ್ಣ ದನಿಯಲ್ಲಿ ಕೇಳಿದಳು: "ನನ್ನ ಕಳಸ್ತೀರೇನ್ರಿ ಅತ್ತಿ?"

ತವರಿಗೆ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ವಿರುಪಾಕ್ಷಿ ಕಿಟಕಿಯಿಂದ ಈ ಕಡೆ ತಿರುಗಿದ.

"ಹೂಂ, ಕಳಸ್ತೀನಿ" ಎಂದೆ. "ಹುಬ್ಬಳ್ಳಿಗೆ. ಜೋಡಿ ನಾನೂ ಬರ್ತೀನಿ. ನಿಮ್ಮ ಅವ್ವನ್ನೂ ಕರೀತೀನಿ. ಇನ್ನ ಮ್ಯಾಲೆ ನನಗ ಏನರೆ ಮುಚ್ಚಿಟ್ಟಿ ಅಂದ್ರ ಮಾತ್ರ ನನ್ನ ಬಿ.ಪಿ. ಏರ್ತೈತಿ ನೋಡು."

ಆಗ ಅತ್ತದ್ದು ಅವಳಲ್ಲ. ನನ್ನ ಮಗ. ಅತ್ತು, ನನ್ನ ಕಡೆ ನೋಡಿ, ಗಬಕ್ಕನೆ ಕಣ್ಣೊರೆಸಿಕೊಂಡ. "ಅಳಪಾ, ನನಗೇನೂ ಆಗಂಗಿಲ್ಲ" ಎಂದೆ. ಅಷ್ಟು ವರ್ಷದಲ್ಲಿ ಅವನು ನನ್ನೆದುರು ಅತ್ತದ್ದು ಅದೇ ಮೊದಲು. ಅಪ್ಪ ತೀರಿಕೊಂಡಾಗಲೂ ಎಲ್ಲೋ ಹೋಗಿ ಅತ್ತು ಬಂದಿದ್ದನಂತೆ. ಇದೂ ನನಗೆ ಆಗಲೇ ಗೊತ್ತಾದದ್ದು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದಿಂದ ತಂತಿ ಒಳಗೆ ಬಿಟ್ಟು, ಇರುಕಾದ ಜಾಗವನ್ನು ಬಲೂನಿನಿಂದ ಹಿಗ್ಗಿಸಿ, ಮತ್ತೆ ಕುಗ್ಗದ ಹಾಗೆ ಒಳಗೆ ಜಾಲರಿ ಕೂರಿಸಿದರು. ಹೊರಗೆ ಬೆಂಚಿನ ಮೇಲೆ ನಾನು ಮತ್ತು ಅಮರಮ್ಮ ಪಕ್ಕಪಕ್ಕ ಕುಳಿತಿದ್ದೆವು. ಬಹಳ ಹೊತ್ತಿನ ಮೇಲೆ ಅಮರಮ್ಮ ಬುತ್ತಿ ಬಿಚ್ಚಿ ನನ್ನ ಮುಂದೆ ಸಜ್ಜೆ ರೊಟ್ಟಿ ಇಟ್ಟರು. "ಉಪ್ಪು ಹಾಕಿಲ್ರಿ" ಎಂದರು. ಅವರಿಗೂ ಮಗಳು ಹೇಳಿದ್ದಳು. ನಾನು ತಿಂದೆ. ಕ್ಷಮೆ ಕೇಳುವುದು, ಕೊಡುವುದು ಎಲ್ಲ ಅಷ್ಟರಲ್ಲೇ ಮುಗಿಯಿತು.

ಮರುದಿನ ಜಾಸ್ಮೀನ ಗಂಗಾವತಿಯಿಂದ ಬಂದಳು. ನೇರ ಹಾಸಿಗೆಯ ಕಾಲ್ದೆಸೆಗೆ ಹೋಗಿ ಹೊದಿಕೆ ಸರಿಸಿ ಬೆರಳಿಟ್ಟಳು. "ಬರ್ರಿ ಅಕ್ಕೋರ, ನೀವ ನೋಡ್ರಿ" ಎಂದಳು. ನಾನು ಬಗ್ಗಿ ಕೈ ಇಡಲು ಹೋದರೆ ಹುಲಿಗವ್ವ ಗಾಬರಿಯಾಗಿ ಕಾಲು ಎಳೆದುಕೊಳ್ಳಲು ನೋಡಿದಳು. "ಅಯ್ಯ ಅತ್ತಿ, ನನ್ನ ಕಾಲು ಮುಟ್ಟಬ್ಯಾಡ್ರಿ! ಪಾಪ ಹತ್ತತೈತಿ!" "ಸುಮ್ಮನ ಮಲಗು, ಅಳ್ಳಾಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ" ಎಂದು ಗದರಿಸಿ ಅವಳ ಪಾದ ಹಿಡಿದೆ. ಬೆಚ್ಚಗಿತ್ತು. ಜಾಸ್ಮೀನ ನನ್ನ ಬೆರಳನ್ನು ಸರಿಯಾದ ಜಾಗಕ್ಕೆ ಸರಿಸಿದಳು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಚರ್ಮದ ಕೆಳಗೆ ಯಾರೋ ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ, ಒಮ್ಮೆ, ಮತ್ತೊಮ್ಮೆ, ಮತ್ತೊಮ್ಮೆ. ಹಿಡಿದುಕೊಂಡೇ ಇದ್ದೆ. ನರ್ಸ್ ಬಂದು ಬಿಡಿ ಎನ್ನುವವರೆಗೂ ಬಿಡಲಿಲ್ಲ.

ಈಗ ಅವಳ ಬಿ.ಪಿ. ಬಹಳ ಇಳಿದಿದೆ, ಪೂರ್ತಿ ಅಲ್ಲ. ಪ್ರವೀಣಕುಮಾರ ಅವರು ಒಂದು ಗುಳಿಗೆ ಬರೆದಿದ್ದಾರೆ, ತಪಾಸಣೆಗೆ ಕರೆಯುತ್ತಾರೆ. ಬೆಳಗ್ಗೆ ಅತ್ತೆ-ಸೊಸೆ ಎದುರುಬದುರು ಕುಳಿತು ಗುಳಿಗೆ ನುಂಗುತ್ತೇವೆ. ಉಪ್ಪು ಕಡಿಮೆಯ ಸಾರು ಈಗ ಎಲ್ಲರಿಗೂ ಒಂದೇ. ವಿರುಪಾಕ್ಷಿ ದಿನವೂ ಗೊಣಗುತ್ತಾನೆ, ಗೊಣಗಲಿ. ಮಕ್ಕಳ ವಿಷಯ ಡಾಕ್ಟರು ಹೇಳಿದಾಗ ನೋಡೋಣ ಎಂದಿದ್ದೇವೆ. ಹರಕೆಗಳನ್ನೆಲ್ಲ ನಾನು ವಾಪಸ್ ಪಡೆದಿದ್ದೇನೆ. ಮನೆಯಲ್ಲಿ ಎಲ್ಲ ಸುದ್ದಿಯೂ ನನಗೆ ಮೊದಲೇ ಬರುತ್ತದೆ. ಕೆಟ್ಟದ್ದೂ ಬರುತ್ತದೆ. ನಾನು ಇನ್ನೂ ಬದುಕಿಯೇ ಇದ್ದೇನೆ.

ಸನ್ಮಾನದ ಸುದ್ದಿ ಕೇಳಿದಾಗ ಜಾಸ್ಮೀನ ಫೋನಿನಲ್ಲಿ ನನ್ನ ಜೊತೆ ಜಗಳಾಡಿದಳು. "ಹಾಕದ ಸೂಜಿಗೆ ಯಾರರೆ ಶಾಲು ಹೊದಸ್ತಾರೇನ್ರಿ ಅಕ್ಕೋರ?" ಎಂದಳು. ಹೊದಿಸುತ್ತೇವೆ. ಸೂಜಿಯನ್ನು ಎಲ್ಲಿ ಹಾಕಬೇಕೆಂದು ಕಲಿಸಿದ ಗುರುಗಳಿಗೂ, ಎಲ್ಲಿ ಕೆಳಗಿಡಬೇಕೆಂದು ಕಲಿತ ಈ ಹುಡುಗಿಗೂ, ಭಾನುವಾರ ಬಾಗಿಲು ತೆರೆದ ಡಾಕ್ಟರರಿಗೂ, ನನ್ನಂಥವಳಿಗೆ ಮೈಕು ಕೊಡುವ ಧೈರ್ಯ ಮಾಡಿದ ಸಂಘಕ್ಕೂ ನಾನು ಋಣಿ.

ಕೊನೆಯದಾಗಿ ಒಂದು ಸೂಚನೆ. ಸಭಾಂಗಣದ ಹಿಂಬಾಗಿಲ ಹತ್ತಿರ ಜಾಸ್ಮೀನಳ ಸಹಾಯಕರು ಬಿ.ಪಿ. ಯಂತ್ರ ಇಟ್ಟುಕೊಂಡು ಕುಳಿತಿದ್ದಾರೆ. ಊಟಕ್ಕೆ ಮೊದಲು ಎಲ್ಲರನ್ನೂ ಪರೀಕ್ಷಿಸುತ್ತಾರೆ. ಆಗಲೇ ನಾಲ್ಕಾರು ಅತ್ತೆಯರು ಸೆರಗು ಸರಿಮಾಡಿಕೊಂಡು ಏಳುತ್ತಿರುವುದು ಇಲ್ಲಿಂದ ಕಾಣುತ್ತಿದೆ. ದಯವಿಟ್ಟು ಕುಳಿತುಕೊಳ್ಳಿ. ನಮ್ಮದು ಎಷ್ಟಿದೆ ಎಂದು ನಮಗೂ ಗೊತ್ತು, ಊರಿಗೂ ಗೊತ್ತು. ಇವತ್ತು ಮೊದಲು ಸೊಸೆಯರು ಏಳಲಿ. ಏಳಿ ತಾಯಿ, ಆ ಮೂಲೆಯಲ್ಲಿ ಮಗುವನ್ನು ಎತ್ತಿಕೊಂಡವರು, ನೀವೇ. ಮಗುವನ್ನು ನಿಮ್ಮ ಅತ್ತೆಯ ಕೈಗೆ ಕೊಡಿ.

ಎಲ್ಲರಿಗೂ ವಂದನೆಗಳು. ನಮಸ್ಕಾರ.